ಅವ್ವನ ಹಲ್ಲಿನ ಸಂದಿಗೆ ಸಣ್ಣ ಬ್ರಷ್: ಎಂಟು ತಿಂಗಳು ಬಳಸಿದ ಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇದೆ. 26 ವರ್ಷದಿಂದ ಇದೇ ಕೆಲಸ. ಮಷಿನ್ ಬಿಗಿಯಾಗಿದೆ, ಬಟ್ಟೆ ಮುಂದೆ ಹೋಗುತ್ತಿಲ್ಲ ಅಂತ ಯಾರಾದರೂ ತಂದರೆ ನಾನು ಮೊದಲು ಸೂಜಿ ಕೆಳಗಿನ ತಟ್ಟೆ ಬಿಚ್ಚುತ್ತೇನೆ. ಅದರ ಕೆಳಗೆ ಬಟ್ಟೆಯನ್ನು ತಳ್ಳುವ ಪಟ್ಟಿ ಇರುತ್ತದೆ. ಅದಕ್ಕೆ ಹಲ್ಲು ಅಂತಲೇ ಹೆಸರು. ಆ ಹಲ್ಲಿನ ಸಂದಿಯಲ್ಲಿ ನೂಲಿನ ಧೂಳು, ಎಣ್ಣೆ ಎಲ್ಲ ಸೇರಿ ಗಟ್ಟಿ ಗಂಟಾಗಿರುತ್ತದೆ. ಮಷಿನ್ ಮೇಲೆ ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಮನೆಯವರು ದಿನಾ ಒರೆಸಿರುತ್ತಾರೆ.

ನನ್ನ ಅವ್ವನ ಬಾಯಿ ಕೂಡ ಹೀಗೇ ಆಗಿತ್ತು. ಅವಳಿಗೆ ಈಗ 73 ವರ್ಷ. ದಿನಾ ಬೆಳಿಗ್ಗೆ ತಪ್ಪದೆ ಹಲ್ಲುಜ್ಜುವವಳು. ಆದರೆ ಹಲ್ಲಿನ ಸಂದಿಗೆ ಯಾವತ್ತೂ ಏನೂ ಮುಟ್ಟಿರಲಿಲ್ಲ. ಈಗ ಎಂಟು ತಿಂಗಳಿಂದ ಅವಳು ಸಂದಿಗೆ ಹಾಕುವ ಸಣ್ಣ ಬ್ರಷ್ ಬಳಸುತ್ತಿದ್ದಾಳೆ. ಇಂಟರ್‌ಡೆಂಟಲ್ ಬ್ರಷ್ ಅಂತ ಕರೆಯುತ್ತಾರೆ. ಅದರ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ವಯಸ್ಸಾದವರು ಇರುವ ಎಲ್ಲರಿಗೂ ಇದು ಗೊತ್ತಿರಬೇಕು ಅಂತ ನನ್ನ ಆಸೆ.

ಹೋದ ಎಳ್ಳಮಾವಾಸ್ಯೆಗೆ ನಮ್ಮ ಹೊಲಕ್ಕೆ ಹೋಗಿದ್ದೆವು. ತೊಗರಿ ಒಂದು ಕಡೆ, ಜೋಳ ಒಂದು ಕಡೆ. ಚರಗ ಚೆಲ್ಲಿ ಬಂದು ಎಲ್ಲರೂ ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ. ಅವ್ವ ರೊಟ್ಟಿ ಮುರಿದಳು, ಬಾಯಲ್ಲಿ ಇಟ್ಟುಕೊಂಡಳು, ಆಮೇಲೆ ಮೆಲ್ಲಗೆ ತೆಗೆದು ಸೆರಗಿನ ಮರೆಯಲ್ಲಿ ಬದಿಗಿಟ್ಟಳು. ಬರೀ ಭಜ್ಜಿ ಉಂಡಳು. ಯಾರೂ ನೋಡಲಿಲ್ಲ ಅಂದುಕೊಂಡಿದ್ದಳು. ನಾನು ನೋಡಿದೆ. ಆ ರೊಟ್ಟಿ ತುಂಡಿನ ಅಂಚಿನಲ್ಲಿ ಕೆಂಪು ಗೆರೆ ಇತ್ತು.

ಮನೆಗೆ ಬಂದ ಮೇಲೆ ಕೇಳಿದರೆ, "ವಯಸ್ಸಾದ ಮ್ಯಾಲ ಹಲ್ಲು ಹೋಗೋದೇ ಅದಲ್ಲಪ್ಪ" ಅಂದಳು. ನಾನೂ ಅಷ್ಟು ವರ್ಷ ಹಾಗೇ ತಿಳಿದಿದ್ದೆ. ಅದು ತಪ್ಪು. ವಯಸ್ಸಿನಿಂದ ಹಲ್ಲು ತಾನಾಗಿ ಬೀಳುವುದಿಲ್ಲ. ಒಸಡಿನ ರೋಗ ಒಳಗೊಳಗೇ ಮೂಳೆ ತಿನ್ನುತ್ತದೆ, ಹಲ್ಲು ಹಿಡಿತ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ನಡೆಯುವ ಕೆಲಸ ಆದ್ದರಿಂದ ಅದು ಕಣ್ಣಿಗೆ ಬೀಳುವಷ್ಟರಲ್ಲಿ ನಮಗೆ ವಯಸ್ಸಾಗಿರುತ್ತದೆ, ಅಷ್ಟೇ.

ಅವ್ವನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಹಳೆಯ ಹೆಂಗಸರಿಗೆ ಮಿಶ್ರಿ ಹಚ್ಚುವ ರೂಢಿ ಇದೆ. ತಂಬಾಕು ಹುರಿದು ಪುಡಿ ಮಾಡಿ ಒಸಡಿಗೆ ತಿಕ್ಕುವುದು. ಅವ್ವ 40 ವರ್ಷ ಹಚ್ಚಿದ್ದಳು. ಎರಡು ವರ್ಷದ ಹಿಂದೆ ನನ್ನ ಮಗಳು ಹಟ ಹಿಡಿದು ಬಿಡಿಸಿದಳು. ಬಿಟ್ಟ ಕೆಲವು ವಾರಕ್ಕೆ ಒಸಡಿನಿಂದ ರಕ್ತ ಬರಲು ಶುರುವಾಯಿತು. "ಮಿಶ್ರಿ ಇದ್ದಾಗ ಹಲ್ಲು ಗಟ್ಟಿ ಇದ್ವು, ಬಿಟ್ಟ ಮ್ಯಾಲೇ ಕೆಟ್ವು" ಅಂತ ಅವ್ವ ಬೈದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಡಾಕ್ಟರ್ ಹೇಳಿದಾಗ ತಿಳಿಯಿತು. ತಂಬಾಕಿನ ನಿಕೋಟಿನ್ ಒಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ರೋಗ ಇದ್ದರೂ ರಕ್ತ ಕಾಣುವುದಿಲ್ಲ. ಮಿಶ್ರಿ ಬಿಟ್ಟಾಗ ರೋಗ ಹೊಸದಾಗಿ ಬಂದಿದ್ದಲ್ಲ, ಮುಚ್ಚಿದ್ದು ಕಾಣಿಸಿಕೊಂಡಿತು. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಯಲ್ಲಿ ತಂಬಾಕು ಹಾಕುವುದನ್ನು ನಮ್ಮ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೆ ಮನೆಯಲ್ಲಿ ಹೆಂಚಿನ ಮೇಲೆ ಹುರಿದುಕೊಳ್ಳುವುದನ್ನು ಯಾರು ನಿಲ್ಲಿಸಬೇಕು? ನಿಮ್ಮ ಮನೆಯಲ್ಲಿ ಯಾರಾದರೂ ಹಚ್ಚುತ್ತಿದ್ದರೆ, ರಕ್ತ ಬರುತ್ತಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ.

ಬ್ರಷ್‌ಗೆ ಬರುವ ಮೊದಲು ಬೇರೆ ಏನೇನೋ ಮಾಡಿದೆವು. ಒಂದು ಮೆಡಿಕಲ್‌ನಲ್ಲಿ ಒಸಡು ಗಟ್ಟಿ ಮಾಡುವ ಪೇಸ್ಟ್ ಅಂತ ಕೊಟ್ಟರು, ಬಾಯಿ ಜುಮ್ ಅನ್ನಿಸಿದ್ದು ಬಿಟ್ಟರೆ ಮತ್ತೇನಿಲ್ಲ. ಲವಂಗದ ಎಣ್ಣೆ ಹಚ್ಚಿದೆವು, ನೋವು ಸ್ವಲ್ಪ ಹೊತ್ತು ಮರೆಯಾಯಿತು. ಉಪ್ಪು ನೀರು ಹಿತವಾಗಿತ್ತು. ಇವು ಯಾವುದಕ್ಕೂ ಹಲ್ಲಿಗೆ ಅಂಟಿದ ಪಾಚಿಯನ್ನು ಕಿತ್ತು ತೆಗೆಯುವ ಶಕ್ತಿ ಇಲ್ಲ. ಒಂದು ಕ್ಲಿನಿಕ್‌ನಲ್ಲಂತೂ ಐದು ನಿಮಿಷ ನೋಡಿ, ಎಲ್ಲಾ ಹಲ್ಲು ಕೀಳಿಸಿ ಸೆಟ್ ಹಾಕಿಸಿಬಿಡಿ ಅಂದರು. ಅವ್ವ ಮೆಟ್ಟಿಲು ಇಳಿಯುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಟೋದಲ್ಲಿ ಮನೆ ಬರುವ ತನಕ ಒಂದೂ ಮಾತಾಡಲಿಲ್ಲ.

ನಮ್ಮೂರಲ್ಲಿ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು ಮತ್ತು ಅಲ್-ಬದರ್ ರೂರಲ್ ಡೆಂಟಲ್ ಕಾಲೇಜು ಅಂತ ಎರಡು ಡೆಂಟಲ್ ಕಾಲೇಜುಗಳಿವೆ. ಕಾಲೇಜು ಅಂದರೆ ಒಸಡಿಗೇ ಬೇರೆ ವಿಭಾಗ ಇರುತ್ತದೆ, ಪೆರಿಯೊಡಾಂಟಿಕ್ಸ್ ಅಂತ. ಈ ಮಾತು ನನಗೆ ಮೊದಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಹಲ್ಲು ಅಲುಗಾಡುತ್ತಿದ್ದರೆ, ಒಸಡು ಊದಿದ್ದರೆ ಆ ವಿಭಾಗವನ್ನೇ ಕೇಳಿಕೊಂಡು ಹೋಗಿ.

ಅಲ್ಲಿ ಡಾಕ್ಟರಮ್ಮ ಮೊದಲು ಅವ್ವನ ಮಾತ್ರೆ ಚೀಟಿ ಕೇಳಿದರು. ಅವ್ವನಿಗೆ 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಾಳೆ. ಈ ಮಾತ್ರೆಯಿಂದ ಕೆಲವರಿಗೆ ಒಸಡು ಬೆಳೆದು ದಪ್ಪ ಆಗುತ್ತದಂತೆ. ಬೇರೆ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದಂತೆ. ಹಾಗಂತ ನೀವೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ ಅಂತ ಎರಡು ಸಲ ಹೇಳಿದರು. ಆಮೇಲೆ ಗುರುತು ಹಾಕಿದ ಸಣ್ಣ ಕಡ್ಡಿಯನ್ನು ಒಸಡು ಮತ್ತು ಹಲ್ಲಿನ ನಡುವೆ ಇಳಿಸಿ ಆಳ ಅಳೆದರು. ಪಕ್ಕದಲ್ಲಿ ಒಬ್ಬ ಹುಡುಗಿ ಬರೆದುಕೊಳ್ಳುತ್ತಿದ್ದಳು. ಮೂರು, ಐದು, ಐದು, ಆರು. ಮೂರು ಮಿಲಿಮೀಟರ್ ತನಕ ಚಿಂತೆ ಇಲ್ಲ. ಅದಕ್ಕಿಂತ ಆಳ ಇದ್ದರೆ ಅದು ಚೀಲ ಆದ ಹಾಗೆ, ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಆ ಕಡ್ಡಿ ಒಳಗೆ ಇಳಿಯುವುದನ್ನು ನೋಡುತ್ತಾ ನನಗೆ ಮಷಿನಿನ ತಟ್ಟೆ ಬಿಚ್ಚಿದ ಹಾಗೇ ಆಯಿತು.

ಮೂರು ಸಲ ಕರೆಸಿ ಕ್ಲೀನಿಂಗ್ ಮಾಡಿದರು. ಎರಡು ಸಲ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ತನಕ ಕೆರೆದು ತೆಗೆದರು. ಹೊರಗೆ ಬಂದ ಕಲ್ಲು ನೋಡಿದೆ. ಕಂದು ಬಣ್ಣದ ಚೂರುಗಳು, ಶಹಾಬಾದ್ ಪರಸಿಯ ಚಕ್ಕೆ ಇದ್ದ ಹಾಗೆ. ನಮ್ಮ ಬೋರ್ ನೀರಿನ ಕೊಡದ ಬಾಯಿಗೆ ಬಿಳಿ ಗಾರೆ ಕಟ್ಟುತ್ತದಲ್ವಾ, ಬಾಯಲ್ಲಿ ಎಂಜಲಿನ ಸುಣ್ಣದ ಅಂಶ ಪಾಚಿಯ ಮೇಲೆ ಕೂತು ಹೀಗೆ ಗಟ್ಟಿಯಾಗುತ್ತದೆ. ಪಾಚಿ ತೆಗೆಯದೆ ಬಿಟ್ಟರೆ ಒಂದೆರಡು ದಿನದಲ್ಲೇ ಗಟ್ಟಿಯಾಗಲು ಶುರು. ಒಮ್ಮೆ ಕಲ್ಲಾದರೆ ಮನೆಯ ಯಾವ ಬ್ರಷ್ಷಿಗೂ ಅದು ಜಗ್ಗುವುದಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೆದರಿಸಿದ್ದರು. ಮೊದಲ ವಾರ ಅವ್ವನಿಗೂ ಹಾಗೇ ಅನ್ನಿಸಿತು. ಸಂದಿ ದೊಡ್ಡದಾಗಿ ಗಾಳಿ ಆಡಿದ ಹಾಗೆ, ತಣ್ಣೀರು ಚುಳ್ ಅಂದ ಹಾಗೆ. ವಿಷಯ ಏನಂದರೆ, ಮೂಳೆ ಮೊದಲೇ ಕರಗಿತ್ತು. ಆ ಜಾಗವನ್ನು ಕಲ್ಲು ತುಂಬಿಕೊಂಡು ಹಲ್ಲಿಗೆ ಆನಿಕೆ ಕೊಟ್ಟಿತ್ತು. ಕಲ್ಲು ತೆಗೆದಾಗ ನಿಜವಾದ ಸಂದಿ ಕಂಡಿತು. ಒಸಡಿನ ಊತ ಇಳಿದ ಮೇಲೆ ಸಂದಿ ಇನ್ನೂ ಸ್ವಲ್ಪ ತೆರೆದುಕೊಂಡಿತು. ಎರಡು ಹಲ್ಲು ಮಾತ್ರ ಉಳಿಸಲು ಆಗಲಿಲ್ಲ, ಕಿತ್ತರು. ಉಳಿದವು ಇವೆ.

ಆ ತೆರೆದ ಸಂದಿಗಳಿಗೆ ಬಂದಿದ್ದೇ ಈ ಸಣ್ಣ ಬ್ರಷ್.

ಹತ್ತಿರದಿಂದ ನೋಡಿದರೆ ಕೆಲಸ ಚೆನ್ನಾಗಿದೆ. ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಹಿಡಿಕೆ. ತುದಿಯಲ್ಲಿ ಎರಡು ಎಳೆ ತಂತಿ ಹೊಸೆದು, ಹೊಸೆಯುವಾಗಲೇ ನಡುವೆ ನೈಲಾನ್ ಕೂದಲು ಸಿಕ್ಕಿಸಿದ್ದಾರೆ. ಬಾಟಲಿ ತೊಳೆಯುವ ಬ್ರಷ್ಷಿನ ಮರಿ ಅನ್ನಬಹುದು. ನಾನು ತಂತಿ, ಸೂಜಿ ನೋಡಿ ಬದುಕುವವನು. ಒಳ್ಳೆಯ ಬ್ರಷ್ಷಿನ ತಂತಿಗೆ ಪ್ಲಾಸ್ಟಿಕ್ ಲೇಪ ಇರುತ್ತದೆ, ತುದಿ ಚುಚ್ಚುವುದಿಲ್ಲ. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಪ್ಯಾಕೆಟ್‌ನಲ್ಲಿ ತಂತಿ ಬರಿಯದಾಗಿತ್ತು. ಉಗುರಿನ ಮೇಲೆ ಎಳೆದರೆ ಗೀರು ಬಿತ್ತು. ಅವ್ವನ ಬಾಯಿಗೆ ಹಾಕದೆ ಎಸೆದೆ. ಕೊಳ್ಳುವವರು ಈ ಪರೀಕ್ಷೆ ಮಾಡಿ.

ಮುಖ್ಯ ಸಂಗತಿ ಸೈಜು. ಒಂದೇ ಬಾಯಿಗೆ ಒಂದೇ ಸೈಜು ಸಾಕಾಗುವುದಿಲ್ಲ. ಅವ್ವನಿಗೆ ಕೆಳಗಿನ ಮುಂದಿನ ಹಲ್ಲಿಗೆ 0.5 ಮಿಲಿಮೀಟರ್, ದವಡೆ ಕಡೆ 0.8. ಈ ಎರಡನ್ನೂ ಡಾಕ್ಟರಮ್ಮ ಹಾಕಿ ನೋಡಿಯೇ ಬರೆದುಕೊಟ್ಟರು. ಬ್ರಷ್ ಸಂದಿಯಲ್ಲಿ ಹೋಗುವಾಗ ಕೂದಲು ಎರಡೂ ಬದಿ ತಾಗಬೇಕು, ತಂತಿ ತಾಗಬಾರದು. ತಳ್ಳಿ ತುರುಕಬಾರದು. ಸಡಿಲವಾಗಿ ಹೋದರೆ ಸುಮ್ನೆ ಹೋಗಿ ಬರುತ್ತದೆ, ಏನೂ ತೆಗೆಯುವುದಿಲ್ಲ. ಒಸಡು ಗಟ್ಟಿಯಾಗಿ, ಸಂದಿ ಮುಚ್ಚಿಯೇ ಇರುವವರಿಗೆ ಇದು ಬೇಡ. ಅವರಿಗೆ ದಾರ, ಅಂದರೆ ಫ್ಲಾಸ್ ಸಾಕು. ವಯಸ್ಸಾಗಿ ಒಸಡು ಇಳಿದು ಸಂದಿ ತೆರೆದವರಿಗೆ ದಾರಕ್ಕಿಂತ ಇದೇ ಒಳ್ಳೆಯದು. ಯಾಕೆಂದರೆ ಬೇರಿನ ಬದಿ ಚಪ್ಪಟೆ ಇರುವುದಿಲ್ಲ, ಒಳಗೆ ತಗ್ಗು ಇರುತ್ತದೆ. ದಾರ ಆ ತಗ್ಗಿನ ಮೇಲೆ ಬಿಗಿಯಾಗಿ ಹಾದುಹೋಗುತ್ತದೆ. ಕೂದಲು ತಗ್ಗಿನೊಳಗೆ ಇಳಿಯುತ್ತದೆ.

ಮೊದಲ ರಾತ್ರಿ ನಾನೇ ಮಾಡಿದೆ. ಪಡಸಾಲೆಯ ಟ್ಯೂಬ್‌ಲೈಟ್ ಕೆಳಗೆ ಅವ್ವನನ್ನು ಕೂರಿಸಿ, ಸೊಸೆ ಟಾರ್ಚ್ ಹಿಡಿದಳು. ಮೊದಲ ಸಂದಿಗೇ ರಕ್ತ ಬಂತು. ಬ್ರಷ್ ಮೂಸಿ ನೋಡಿದರೆ ಕೆಟ್ಟ ವಾಸನೆ. ಅವ್ವ ಕೈ ತಳ್ಳಿ, "ಬ್ಯಾಡ ಬಿಡು, ಗಾಯ ಆಗ್ಯಾದ" ಅಂದಳು. ನನಗೂ ಕೈ ನಡುಗಿತು. ಆದರೆ ಡಾಕ್ಟರಮ್ಮ ಮೊದಲೇ ಹೇಳಿ ಕಳಿಸಿದ್ದರು. ಊದಿದ ಒಸಡು ಮುಟ್ಟಿದರೆ ರಕ್ತ ಬರುತ್ತದೆ, ಬ್ರಷ್ ಗಾಯ ಮಾಡಿದ್ದಲ್ಲ. ರಕ್ತ ಬರುವ ಜಾಗಕ್ಕೇ ದಿನಾ ಹೋಗಬೇಕು, ಅಲ್ಲಿ ಬಿಟ್ಟರೆ ರೋಗ ಅಲ್ಲೇ ಉಳಿಯುತ್ತದೆ. ಎರಡು ವಾರ ಬಿಡದೆ ಮಾಡಿ ನೋಡಿ, ಆಮೇಲೂ ಜಾಸ್ತಿ ಬಂದರೆ ನನ್ನ ಹತ್ತಿರ ಬನ್ನಿ ಅಂದಿದ್ದರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಅವರು ಒಂದು ಹಳೆಯ ಪ್ರಯೋಗದ ಕಥೆಯನ್ನೂ ಹೇಳಿದ್ದರು. 1965ರಲ್ಲಿ ಹೆರಾಲ್ಡ್ ಲೋ ಅನ್ನುವ ದಂತವಿಜ್ಞಾನಿ 12 ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರಂತೆ. ಮೂರು ವಾರದ ಒಳಗೆ ಎಲ್ಲರ ಒಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಕೆಲವೇ ದಿನದಲ್ಲಿ ವಾಸಿಯಾಯಿತು. ಅಂದರೆ ಊತ, ರಕ್ತ ಇವು ವಾಪಸ್ ಹೋಗುತ್ತವೆ. ಕರಗಿದ ಮೂಳೆ ಮಾತ್ರ ತಾನಾಗಿ ವಾಪಸ್ ಬರುವುದಿಲ್ಲ. ಈ ಕಥೆಯನ್ನು ನಾನು ಅವ್ವನಿಗೆ ಆ ರಾತ್ರಿ ಹೇಳಿದೆ. ಬಾಯಿ ತೆರೆದಳು.

ಹನ್ನೆರಡನೇ ರಾತ್ರಿ ಬ್ರಷ್ ಬೆಳ್ಳಗೇ ಹೊರಗೆ ಬಂತು. ಮೇಲಿನ ಎಡ ದವಡೆಯ ಒಂದು ಸಂದಿಯಲ್ಲಿ ಮಾತ್ರ ಸ್ವಲ್ಪ ಕೆಂಪು. ಟಾರ್ಚ್ ಬೆಳಕಿನಲ್ಲಿ ಒಸಡು ನೋಡಿದೆ. ನೇರಳೆ ಬಣ್ಣ ಹೋಗಿ ತಿಳಿ ಗುಲಾಬಿ ಬಂದಿತ್ತು, ಅಂಚು ಬಿಗಿಯಾಗಿ ಹಲ್ಲಿಗೆ ಅಪ್ಪಿಕೊಂಡಿತ್ತು. ಆ ಬಣ್ಣ ನೋಡಿ ನನಗಾದ ಸಂತೋಷ ಹೇಳಲಾರೆ. ಸೊಸೆಯನ್ನು ಕರೆದು ತೋರಿಸಿದೆ.

ಕೊರತೆಗಳನ್ನೂ ಹೇಳಬೇಕು. ಹಿಡಿಕೆ ತೀರಾ ಸಣ್ಣದು. ಅವ್ವನ ಬೆರಳಿನ ಗಂಟು ಊದಿವೆ, ಹಿಡಿದರೆ ಜಾರುತ್ತದೆ. ಇದನ್ನು ಮಾಡುವವರು ವಯಸ್ಸಾದವರ ಕೈ ನೋಡಿ ಮಾಡಿಲ್ಲ ಅಂತ ನನಗೆ ನಿಜವಾಗಿಯೂ ಬೇಸರ. ಸಂದಿ ತೆರೆಯುವುದು ಹೆಚ್ಚಾಗಿ ವಯಸ್ಸಾದವರಿಗೇ ಅಲ್ವಾ? ನಾನು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಹಿಡಿಕೆಗೆ ನಾಲ್ಕು ಸುತ್ತು ಸುತ್ತಿ ನೂಲಿನಿಂದ ಕಟ್ಟಿದೆ. ಈಗ ದಪ್ಪ ಪೆನ್ಸಿಲ್‌ನಷ್ಟಾಗಿದೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮೂರನೇ ವಾರದಿಂದ ಅವ್ವ ತಾನೇ ಮಾಡಿಕೊಳ್ಳುತ್ತಾಳೆ.

ತಂತಿ ಬೇಗ ಸೋಲುತ್ತದೆ. ಓರೆಯಾಗಿ ತಳ್ಳಿದರೆ ಬುಡದಲ್ಲೇ ಬಾಗುತ್ತದೆ, ಬಾಗಿದ್ದನ್ನು ಎರಡು ಸಲ ನೆಟ್ಟಗೆ ಮಾಡಿದರೆ ಮುರಿಯುತ್ತದೆ. ದವಡೆ ಹಲ್ಲಿಗೆ ಮೊದಲೇ ಬುಡದಲ್ಲಿ ಬೆರಳಿನಿಂದ ಸ್ವಲ್ಪ ಬಗ್ಗಿಸಿಕೊಂಡು, ಹಾಗೇ ಬಿಟ್ಟುಬಿಡಬೇಕು. ನಮಗೆ ಒಂದು ಬ್ರಷ್ ಎಂಟು ಹತ್ತು ದಿನ ಬರುತ್ತದೆ. ಕೂದಲು ಒಂದು ಕಡೆ ಮಲಗಿದರೆ ಮುಗಿಯಿತು. ಐದರ ಪ್ಯಾಕೆಟ್‌ಗೆ 180 ರೂಪಾಯಿ ಕೊಡುತ್ತಿದ್ದೇನೆ. ಎರಡು ಸೈಜಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 250 ರೂಪಾಯಿ ಆಗುತ್ತದೆ. ಕಡಿಮೆ ಏನಲ್ಲ. ಇನ್ನೊಂದು ಕಷ್ಟ, ನಮ್ಮೂರಿನ ಮೆಡಿಕಲ್‌ಗಳಲ್ಲಿ ಸಣ್ಣ ಸೈಜು ಸಿಗುತ್ತದೆ, 0.8 ಕೇಳಿದರೆ ತರಿಸಿಕೊಡುತ್ತೇವೆ ಅಂತಾರೆ. ಹಾಗಾಗಿ ಮುಗಿಯುವ ಹತ್ತು ದಿನ ಮೊದಲೇ ಹೇಳಿಡುತ್ತೇನೆ. ಇದಕ್ಕೇ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಪೂರ್ತಿ ಐದಲ್ಲ.

ನೀರಿನ ಧಾರೆಯಿಂದ ತೊಳೆಯುವ ವಾಟರ್ ಫ್ಲಾಸರನ್ನೂ ಬೆಂಗಳೂರಿನಿಂದ ತಮ್ಮ ಕಳಿಸಿದ್ದ. ಅವ್ವನಿಗೆ ಆ ಸದ್ದು, ಬಾಯಿ ತುಂಬ ನೀರು ಸರಿಹೋಗಲಿಲ್ಲ. ನಮ್ಮ ಗಡಸು ನೀರಿಗೆ ಎರಡು ತಿಂಗಳಲ್ಲಿ ಅದರ ಮೂತಿಗೇ ಗಾರೆ ಕಟ್ಟಿತು.

ಈಗ ಅವಳ ದಿನಚರಿ ಹೀಗಿದೆ. ರಾತ್ರಿ ಊಟ ಆದ ಮೇಲೆ ಮೊದಲು ಸಣ್ಣ ಬ್ರಷ್. ಪೇಸ್ಟ್ ಇಲ್ಲದೆ, ಬರೀ ನೀರಿನಲ್ಲಿ ಅದ್ದಿ, ಪ್ರತಿ ಸಂದಿಗೆ ಎರಡು ಮೂರು ಸಲ ಒಳಗೆ ಹೊರಗೆ. ನಂತರ ಮೆತ್ತನೆಯ ಬ್ರಷ್‌ನಿಂದ, ಒಸಡಿನ ಅಂಚಿಗೆ ಓರೆಯಾಗಿ ಹಿಡಿದು, ಸಣ್ಣಗೆ ಅಲುಗಿಸುತ್ತಾ ಉಜ್ಜುವುದು. ಗಟ್ಟಿ ಬ್ರಷ್ ಮನೆಯಿಂದಲೇ ತೆಗೆದೆವು. ಪೇಸ್ಟ್ ಯಾವ ಕಂಪನಿಯದಾದರೂ ಸರಿ, ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇದೆಯಾ ನೋಡುತ್ತೇನೆ. ಒಸಡು ಇಳಿದು ಬೇರು ಹೊರಗೆ ಬಿದ್ದಿರುತ್ತದೆ, ಅದಕ್ಕೆ ಹಲ್ಲಿನ ಗಟ್ಟಿ ಕವಚ ಇಲ್ಲ, ಬೇಗ ಹುಳುಕು ಹಿಡಿಯುತ್ತದೆ. ಉಜ್ಜಿದ ಮೇಲೆ ಉಗಿಯುತ್ತಾಳೆ, ಗಳಗಳ ಬಾಯಿ ತೊಳೆಯುವುದಿಲ್ಲ. ಕ್ಲೀನಿಂಗ್ ಆದಾಗ ಕ್ಲೋರ್‌ಹೆಕ್ಸಿಡಿನ್ 0.2 ಮುಕ್ಕಳಿಸಲು ಎರಡೇ ವಾರ ಕೊಟ್ಟಿದ್ದರು. ಅದನ್ನು ತಿಂಗಳುಗಟ್ಟಲೆ ಬಳಸಬಾರದು. ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಆ ಎರಡು ವಾರ ಅವ್ವ ಹಿಂಡಿಗೆ ಉಪ್ಪೇ ಇಲ್ಲ ಅಂತಿದ್ದಳು.

ಕಿತ್ತ ಎರಡು ಹಲ್ಲಿಗೆ ಬಿಚ್ಚಿ ಹಾಕುವ ಸೆಟ್ ಮಾಡಿಸಿದ್ದೇವೆ. ರಾತ್ರಿ ತೆಗೆದು, ಸೋಪಿನಿಂದ ಉಜ್ಜಿ ತಣ್ಣೀರಿನ ಬಟ್ಟಲಲ್ಲಿ ಇಡುತ್ತಾಳೆ. ಪೇಸ್ಟ್ ಹಾಕಿ ತಿಕ್ಕಿದರೆ ಅದಕ್ಕೆ ಗೀರು ಬೀಳುತ್ತದೆ, ಬಿಸಿನೀರು ಹಾಕಿದರೆ ಆಕಾರ ಕೆಡುತ್ತದೆ. ಸೆಟ್ಟಿನ ಕೊಂಡಿ ಹಿಡಿಯುವ ಹಲ್ಲು ಇದೆಯಲ್ಲ, ಪಾಚಿ ಅಲ್ಲೇ ಜಾಸ್ತಿ ಕಟ್ಟುತ್ತದೆ. ಸಣ್ಣ ಬ್ರಷ್ಷಿಗೆ ಅಲ್ಲಿ ತುಂಬ ಕೆಲಸ. ಹಲ್ಲೇ ಇಲ್ಲದ, ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಸೆಟ್ ಕೊಡುತ್ತಾರೆ. ನಿಮ್ಮ ಪೈಕಿ ಯಾರಾದರೂ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಮೂರು ತಿಂಗಳಿಗೆ ಮತ್ತೆ ಅಳೆದರು. ಐದು ಇದ್ದದ್ದು ಮೂರು, ನಾಲ್ಕಕ್ಕೆ ಬಂದಿತ್ತು. ಆರು ಇದ್ದ ಒಂದು ಕಡೆ ಇನ್ನೂ ಐದು. ಸಕ್ಕರೆಯ ಮೂರು ತಿಂಗಳ ಲೆಕ್ಕ, ಎಚ್‌ಬಿಎ1ಸಿ, 8.6ರಿಂದ 8.1ಕ್ಕೆ ಇಳಿಯಿತು. ಅದೇ ಸಮಯಕ್ಕೆ ಅವ್ವ ಚಹಾಕ್ಕೆ ಸಕ್ಕರೆ ಬಿಟ್ಟಿದ್ದಳು, ಹಾಗಾಗಿ ಎಲ್ಲ ಹೆಸರೂ ಬ್ರಷ್ಷಿಗೆ ಕೊಡಲಾರೆ. ಆದರೆ ಒಸಡಿನ ರೋಗ ಸಕ್ಕರೆ ಏರಿಸುತ್ತದೆ, ಏರಿದ ಸಕ್ಕರೆ ಒಸಡು ಕೆಡಿಸುತ್ತದೆ, ಇದು ಎರಡೂ ಕಡೆ ನಡೆಯುವ ವ್ಯವಹಾರ. ಒಸಡಿಗೆ ಸರಿಯಾಗಿ ಚಿಕಿತ್ಸೆ ಆದರೆ ಈ ಲೆಕ್ಕ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಇರುವವರ ಮನೆಯವರು ಕಾಲು, ಕಣ್ಣು ತೋರಿಸುವ ಹಾಗೆ ಬಾಯಿಯನ್ನೂ ತೋರಿಸಿ, ದಯವಿಟ್ಟು.

ಹೋದ ವಾರ ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದೆ. ಅಡುಗೆ ಮನೆಯಿಂದ ಕಟುಮ್ ಅಂತ ಸದ್ದು ಬಂತು. ಅವ್ವ ಖಡಕ್ ರೊಟ್ಟಿ ಮುರಿದು, ಮೊಸರಿನಲ್ಲಿ ನೆನೆಸದೆ, ಹಿಂಡಿ ಹಚ್ಚಿಕೊಂಡು ಬಲಗಡೆ ದವಡೆಯಲ್ಲಿ ಅಗಿಯುತ್ತಿದ್ದಳು. ಎಡಗಡೆ ಇನ್ನೂ ಆಗುವುದಿಲ್ಲ. ನನ್ನನ್ನು ನೋಡಿ, "ಆಳಂದದಾಗ ನಿಮ್ಮ ಚಿಕ್ಕವ್ವಗೂ ಬಾಯಾಗ ರಕ್ತ ಬರ್ತದಂತ. ನನ್ನ ಬ್ರಷ್ ಒಂದು ಪಾಕೀಟ ಕಳಸು" ಅಂದಳು. ನಾನು ಪ್ಯಾಕೆಟ್ ಕಳಿಸಲಿಲ್ಲ. ಚಿಕ್ಕವ್ವನ ಸಂದಿಗೆ ಯಾವ ಸೈಜು ಅಂತ ನೋಡದೆ ಕಳಿಸಿ ಏನು ಉಪಯೋಗ, ಮೊದಲು ಕಲ್ಲು ತೆಗೆಸಬೇಕು. ಸೋಮವಾರ ಬೆಳಗಿನ ಬಸ್ಸಿಗೆ ಬಾ ಅಂತ ಫೋನ್ ಮಾಡಿದ್ದೇನೆ. ಅವತ್ತು ಅಂಗಡಿ ಮಧ್ಯಾಹ್ನದ ಮೇಲೆ ತೆಗೆಯುತ್ತೇನೆ.